ಏಳನೆಯ ಆಟಗಾರ

ಭಾನುವಾರ ಬೆಳಗಿನ ಜಾವ ನಾಲ್ಕು ನಲವತ್ತಕ್ಕೆ ಸೆಲ್ಲಪ್ಪನ್ ತೀರಿಕೊಂಡರು. ಒಂಬತ್ತಕ್ಕೆ ಮ್ಯಾಚ್ ಇತ್ತು.

ಈ ಎರಡಕ್ಕೂ ಏನು ಸಂಬಂಧ ಎಂದು ತಮಿಳು ಸೀಮೆಯ ಸಿರುಮುಗೈಯಲ್ಲಿ, ಕನ್ನಡ ಮನೆಮಾತಿನ ನೇಕಾರರ ಮಗ್ಗದ ಬೀದಿಯಲ್ಲಿ ಯಾರೂ ಕೇಳುವ ಹಾಗಿರಲಿಲ್ಲ. ಚೌಡೇಶ್ವರಿ ಕ್ರಿಕೆಟ್ ಕ್ಲಬ್ಬಿನ ಹನ್ನೊಂದು ಆಟಗಾರರಲ್ಲಿ ಐವರು ಸೆಲ್ಲಪ್ಪನ್ನರ ದಾಯಾದಿಗಳು: ಇಬ್ಬರು ಮೊಮ್ಮಕ್ಕಳು, ಮೂವರು ತಮ್ಮಂದಿರ ಮಕ್ಕಳು. ಆ ಮೂವರಲ್ಲೊಬ್ಬ ಈಶ್ವರನ್. ಮೂವತ್ತೆಂಟು ವಯಸ್ಸು, ರೇಷ್ಮೆ ಸೀರೆ ನೇಯುವವನು, ತಂಡದ ನಾಯಕ. ದೊಡ್ಡಪ್ಪನ ತಲೆಯ ಬಳಿ ದೀಪ ಹಚ್ಚಿಟ್ಟು ಹೊರಗೆ ಬಂದಾಗ ಅವನು ಮೊದಲು ಮಾಡಿದ ಕೆಲಸ ಎಣಿಕೆ. ಹನ್ನೊಂದರಲ್ಲಿ ಐದು ಹೋದರೆ ಆರು. ಲೀಗಿನ ನಿಯಮದ ಪ್ರಕಾರ ಮೈದಾನಕ್ಕೆ ಇಳಿಯಲು ಏಳು ಜನ ಬೇಕು.

ಜಿಲ್ಲಾ ಲೀಗಿನಲ್ಲಿ ಐದನೆಯ ಡಿವಿಷನ್ನಿನ ಕೆಳಗೆ ಇನ್ನೊಂದು ಡಿವಿಷನ್ ಇಲ್ಲ. ಅಲ್ಲಿಂದ ಬಿದ್ದ ತಂಡ ಬೀಳುವುದು ಬೀದಿಗೇ. ಒಂದು ಸೀಸನ್ನಿನಲ್ಲಿ ಎರಡು ಸಲ ವಾಕ್‌ಓವರ್ ಕೊಟ್ಟವರ ಹೆಸರು ತೆಗೆದುಹಾಕುತ್ತಾರೆ. ತಮಿಳರ ಮದುವೆ ತಿಂಗಳಾದ ಆವಣಿಯಲ್ಲಿ ಇದೇ ಮನೆತನದ ಒಂದು ಮದುವೆ ಪಂದ್ಯದ ದಿನವೇ ಬಂದು, ಮೊದಲನೆಯ ವಾಕ್‌ಓವರ್ ಆಗಿಹೋಗಿತ್ತು. ಮೂರು ಪಂದ್ಯ ಗೆದ್ದು ಐದು ಸೋತ ತಂಡಕ್ಕೆ ಇವತ್ತಿನದು ಕೊನೆಯ ಪಂದ್ಯ. ಗೆದ್ದರೂ ಮೇಲೆ ಹೋಗುವಂತಿರಲಿಲ್ಲ. ಆಡಲು ಹೋಗದಿದ್ದರೆ ಮಾತ್ರ ಮೂವತ್ತು ವರ್ಷದ ಕ್ಲಬ್ಬು ಮುಗಿದಂತೆ.

ಆರು ಗಂಟೆಗೆ ಈಶ್ವರನ್ ಲೀಗಿನ ಕಾರ್ಯದರ್ಶಿಗೆ ಫೋನ್ ಮಾಡಿದ. ಅವರು ಸಂತಾಪ ಹೇಳಿದರು. ಆಮೇಲೆ, ಪಂದ್ಯ ಮುಂದೂಡಬೇಕಾದರೆ ಎರಡು ದಿನ ಮುಂಚೆ ಅರ್ಜಿ ಕೊಡಬೇಕು ಎಂದೂ ಹೇಳಿದರು. ಹಾಗಾದರೆ ಸಾಯುವವರು ಎರಡು ದಿನ ಮುಂಚೆ ತಿಳಿಸಬೇಕೇ ಎಂದು ಈಶ್ವರನ್ ಕೇಳಿದ್ದಕ್ಕೆ, ನಿಯಮ ಮಾಡುವಾಗ ಅಷ್ಟು ಯೋಚಿಸಿರಲಿಲ್ಲ ಎಂದು ಅವರು ಪ್ರಾಮಾಣಿಕವಾಗಿಯೇ ಒಪ್ಪಿಕೊಂಡರು.

ದಾಯಾದಿಗಳಲ್ಲದ ಆರು ಜನ ಹಾರ ಹಾಕಿ, ಕೈ ಮುಗಿದು, ವ್ಯಾನಿನ ಬಳಿ ಹೋಗಿ ನಿಂತರು. ಅವರಲ್ಲಿ ಕೀಪರ್ ರಾಮ್‌ಕುಮಾರ್ ಈಶ್ವರನ್ನನ ಹೆಂಡತಿಯ ತಮ್ಮ. ಅವನು ಕರೆಯಲಿಲ್ಲ. ವ್ಯಾನಿನ ಬಾಗಿಲು ಮಾತ್ರ ತೆರೆದೇ ಇಟ್ಟಿದ್ದ.

ಚಿಕ್ಕಪ್ಪ ಚೆನ್ನಿಯಪ್ಪನ್ ಅದನ್ನು ನೋಡಿದರು. ಇನ್ನು ಮನೆತನಕ್ಕೆ ಅವರೇ ಹಿರಿಯರು. ಅವರ ಮಗ ಕಾರ್ತಿಕೇಯನ್ ತಂಡದ ಒಳ್ಳೆಯ ಬ್ಯಾಟ್ಸ್‌ಮನ್, ಸೂತಕದವರ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಹೆಣ ಮನೆಯಲ್ಲಿಟ್ಟುಕೊಂಡು ಚೆಂಡಾಟಕ್ಕೆ ಹೋದವರು ಈ ಬೀದಿಯಲ್ಲಿ ಇಲ್ಲಿಯವರೆಗೆ ಯಾರೂ ಇಲ್ಲ ಎಂದು ಚೆನ್ನಿಯಪ್ಪನ್ ಎಲ್ಲರಿಗೂ ಕೇಳುವಂತೆ ಹೇಳಿದರು. ಅದು ನಿಜವೂ ಆಗಿತ್ತು.

"ಬೀದಿ ದಾಟಿದೆ ಅಂದ್ರೆ, ಚಟ್ಟಕ್ಕೆ ಕೈ ಹಾಕೋಕೆ ನೀನು ಬರಬೇಡ," ಎಂದರು ಈಶ್ವರನ್ನನಿಗೆ.

ದೊಡ್ಡಪ್ಪನಿಗೂ ಇಷ್ಟವಿತ್ತು ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ಈಶ್ವರನ್ನನಿಗಿರಲಿಲ್ಲ. ಸೆಲ್ಲಪ್ಪನ್ನರಿಗೆ ಕ್ರಿಕೆಟ್ ಎಂದರೆ ಆಗುತ್ತಿರಲಿಲ್ಲ. ಬಿಸಿಲಲ್ಲಿ ನಿಲ್ಲುವುದಕ್ಕೆ ಬಿಳಿ ಬಟ್ಟೆ ಬೇರೆ ಕೇಡು ಎನ್ನುತ್ತಿದ್ದರು. ಒಮ್ಮೆ ಕ್ಲಬ್ಬಿನ ಸ್ಟಂಪುಗಳನ್ನು ಹಿತ್ತಲಿನ ಅವರೆ ಬಳ್ಳಿಗೆ ಊರುಗೋಲು ಮಾಡಿ, ಕಾಯಿ ಬಿಟ್ಟು ಮುಗಿಯುವವರೆಗೂ ಕೊಟ್ಟಿರಲಿಲ್ಲ. ಈಶ್ವರನ್ ಒಳಗೆ ಹೋಗಿ ದೊಡ್ಡಮ್ಮ ಪಳನಿಯಮ್ಮನ ಎದುರು ಕೂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಪಳನಿಯಮ್ಮ ಗಂಡನ ಮುಖ ನೋಡಿದರು. "ಅವರು ಇದ್ದಿದ್ರೆ ಬಿಡ್ತಿರಲಿಲ್ಲ. ಈಗ ನನ್ನನ್ನ ಕೇಳ್ತಿದ್ದೀಯ. ಹೊಸೂರಿಂದ ಮಗಳು ಬಂದಮೇಲೆ ಒಂದೂವರೆಗೆ ಎತ್ತೋದು. ಅಷ್ಟರೊಳಗೆ ಬಾ."

ಈಶ್ವರನ್ ಎದ್ದ. ಚಿಕ್ಕಪ್ಪನ ಎದುರೇ ಬೀದಿ ದಾಟಿ ವ್ಯಾನ್ ಹತ್ತಿದ.

ವ್ಯಾನು ಕಾರಮಡೈ ದಾಟಿತು. ಆಮೇಲೆ ರಾಮ್‌ಕುಮಾರ್, "ಬಾವ, ನಿಮಗೆ ಸೂತಕ. ಇವತ್ತು ಚೆಂಡನ್ನ ಕೈಯಲ್ಲಿ ಮುಟ್ಟಬೇಡಿ, ಬ್ಯಾಟಲ್ಲೇ ಮುಟ್ಟಿ," ಎಂದ. ಮುಂದೆ ಕೂತವರು ನಕ್ಕರು.

ತುಡಿಯಲೂರಿನ ಆಚೆಯ ಮೈದಾನದಲ್ಲಿ ಮ್ಯಾಟ್ ಹಾಸಿ ಮೊಳೆ ಹೊಡೆದಾಗಿತ್ತು. ಎದುರಾಳಿಗಳು ಕೋವೈ ನಾರ್ತ್ ತಂಡದವರು, ಹನ್ನೊಂದೂ ಜನ ಇದ್ದರು. ಅವರ ನಾಯಕ ಸರವಣಕುಮಾರ್ ಆಗಲೇ ವಿಷಯ ತಿಳಿದುಕೊಂಡಿದ್ದ. ಟಾಸ್ ಸೋತು ಬ್ಯಾಟಿಂಗಿಗೆ ಹೊರಟ ಈಶ್ವರನ್ನನ ಹೆಗಲ ಮೇಲೆ ಕೈಯಿಟ್ಟು ತಮಿಳಿನಲ್ಲಿ ಮೆಲ್ಲಗೆ ಮಾತಾಡಿದ.

"ಅಣ್ಣಾ, ಮನೇಲಿ ಸಾವು ಇಟ್ಕೊಂಡು ಬಂದಿದ್ದೀರಿ. ಐದು ಓವರಲ್ಲಿ ಔಟಾಗಿಬಿಡಿ. ನಾವು ಎರಡು ಓವರಲ್ಲಿ ಮುಗಿಸ್ತೀವಿ. ನಿಮ್ಮ ಕ್ಲಬ್ಬು ಉಳೀತು, ನೀವೂ ಹತ್ತೂವರೆ ಹನ್ನೊಂದಕ್ಕೆ ಮನೆ ಸೇರಿದ್ರಿ."

ಈಶ್ವರನ್ ತಕ್ಷಣ ಇಲ್ಲ ಎನ್ನಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಹನ್ನೊಂದಕ್ಕೆ ಹೋದರೆ ಚಿಕ್ಕಪ್ಪನ ಬಾಯಿಯೂ ಅರ್ಧ ಮುಚ್ಚುತ್ತದೆ. ಆಗ ಪಕ್ಕದಲ್ಲೇ ಪ್ಯಾಡ್ ಕಟ್ಟುತ್ತಿದ್ದ ರಾಮ್‌ಕುಮಾರ್ ತಲೆ ಎತ್ತದೆ ಕನ್ನಡದಲ್ಲಿ ಹೇಳಿದ.

"ಬಾವ, ಅದು ದೊಡ್ಡಪ್ಪನ ಮೇಲಿನ ಕರುಣೆ ಅಲ್ಲ. ಇವತ್ತು ಗೆದ್ರೆ ಇವರೂ ತಿರುಪ್ಪೂರಿನೋರೂ ಪಾಯಿಂಟಲ್ಲಿ ಸಮ ಆಗ್ತಾರೆ. ಮೇಲೆ ಹೋಗೋದು ಒಬ್ಬರೇ. ಇವರಿಗೆ ರನ್‌ರೇಟ್ ಬೇಕು."

ಎಂದರೆ, ಚೌಡೇಶ್ವರಿ ತಂಡ ಎಷ್ಟು ಕಡಿಮೆಗೆ ಔಟಾಗಿ ಕೋವೈ ನಾರ್ತ್ ಎಷ್ಟು ಬೇಗ ಗೆಲ್ಲುತ್ತದೋ, ನಾಲ್ಕನೆಯ ಡಿವಿಷನ್ ಅವರಿಗೆ ಅಷ್ಟು ಹತ್ತಿರ. ಸೆಲ್ಲಪ್ಪನ್ನರ ಸಾವು ಅವರಿಗೆ ಬಡ್ತಿಯ ಮೆಟ್ಟಿಲು.

ಈಶ್ವರನ್ ಸರವಣಕುಮಾರನ ಕೈಯನ್ನು ಹೆಗಲಿನಿಂದ ತೆಗೆದ. "ನಾನು ಮನೇಲಿ ಬೈಸ್ಕೊಂಡು ಬಂದಿರೋದು ಆಡೋಕೆ, ತಂಬಿ. ಔಟ್ ಮಾಡೋದು ನಿಮ್ಮ ಕೆಲಸ. ಮಾಡ್ಕೊಳ್ಳಿ."

ಏಳು ಜನರ ತಂಡಕ್ಕೆ ಆರು ವಿಕೆಟ್ ಬಿದ್ದರೆ ಆಟ ಮುಗಿಯಿತು. ಈಶ್ವರನ್ ಮೊದಲನೆಯವನಾಗಿ ಹೋಗಿ ಒಂದು ತುದಿ ಹಿಡಿದು ನಿಂತ. ಮ್ಯಾಟಿನ ಮೇಲೆ ಚೆಂಡು ಎದೆಯವರೆಗೆ ಏಳುತ್ತಿತ್ತು. ಎದ್ದದ್ದನ್ನು ಬಿಟ್ಟ, ತಗ್ಗಿ ಬಂದದ್ದನ್ನು ತಡೆದ, ಮಗ್ಗುಲಿಗೆ ಬಿದ್ದದ್ದನ್ನು ಮಾತ್ರ ಹೊಡೆದ. ಹದಿನೈದು ಓವರಿಗೆ ಮೂವತ್ತೆಂಟು ರನ್, ಮೂರು ವಿಕೆಟ್. ಸ್ಲಿಪ್ಪಿನಲ್ಲಿ ನಿಂತವರು ಗಡಿಯಾರ ನೋಡತೊಡಗಿದರು.

"ಅಣ್ಣಾ, ಅಲ್ಲಿ ಹೆಣ ಎತ್ತಿಬಿಡ್ತಾರೆ," ಎಂದ ಒಬ್ಬ.

ಮುಂದಿನ ಚೆಂಡನ್ನು ಈಶ್ವರನ್ ಕಾಲ ಬುಡದಲ್ಲೇ ನಿಲ್ಲಿಸಿದ. ಅದರ ಮುಂದಿನದನ್ನೂ ಅಲ್ಲೇ ನಿಲ್ಲಿಸಿದ. ಮಾತಾಡಿದವನು ಎರಡು ಓವರಾದ ಮೇಲೆ ಮಾತು ಬಿಟ್ಟ.

ಮೂವತ್ತು ಓವರೂ ಆಡಿದರು. ಎಂಬತ್ತೆಂಟು ರನ್, ಐದು ವಿಕೆಟ್. ಈಶ್ವರನ್ ನಲವತ್ತೊಂದು, ಔಟಾಗದೆ.

ಎಂಬತ್ತೊಂಬತ್ತನ್ನು ಹನ್ನೆರಡು ಓವರಿನೊಳಗೆ ಹೊಡೆದರೆ ಕೋವೈ ನಾರ್ತ್ ತಿರುಪ್ಪೂರಿನವರನ್ನು ದಾಟುತ್ತಿತ್ತು. ಬೌಲರನ್ನೂ ಕೀಪರನ್ನೂ ಬಿಟ್ಟರೆ ಈಶ್ವರನ್ನನೂ ಸೇರಿ ಉಳಿದವರು ಐವರು. ನಾಲ್ವರನ್ನು ಬೌಂಡರಿ ಗೆರೆಗೆ ಕಳಿಸಿ ತಾನೂ ಗೆರೆಗೆ ಹೋದ. ಒಂದೊಂದು ರನ್ ಬೇಕಾದರೆ ಓಡಿಕೊಳ್ಳಲಿ, ನಾಲ್ಕು ಕೊಡಬೇಡಿ ಎಂದ. ಕೋವೈ ನಾರ್ತಿನವರು ಓಡಿದರು. ಬಿಸಿಲೇರಿತ್ತು. ಓಡಿ ಓಡಿ ಬಾಯಾರಿದ ಸರವಣಕುಮಾರ್ ಎಂಟನೆಯ ಓವರಿನಲ್ಲಿ ಸಿಕ್ಸರಿಗೆ ಎತ್ತಿದ ಚೆಂಡು ಗೆರೆಯ ಮೇಲಿದ್ದ ಈಶ್ವರನ್ನನ ಕಡೆಗೇ ಬಂತು. ಸೂತಕದ ಕೈಗಳಲ್ಲೇ ಅದನ್ನು ಹಿಡಿದ. ರಾಮ್‌ಕುಮಾರ್ ದೂರದಿಂದಲೇ ಗ್ಲೌಸಿನ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ನಿಂತ.

ಹನ್ನೆರಡು ಓವರ್ ಮುಗಿದಾಗ ಎಂಬತ್ತೊಂದು ರನ್ ಆಗಿತ್ತು. ಹದಿಮೂರನೆಯ ಓವರಿನಲ್ಲಿ ಕೋವೈ ನಾರ್ತ್ ಗೆದ್ದಿತು. ಗೆದ್ದವರಲ್ಲಿ ಯಾರೂ ಕೈ ತಟ್ಟಲಿಲ್ಲ.

ವ್ಯಾನು ಮಗ್ಗದ ಬೀದಿಗೆ ತಿರುಗಿದಾಗ ತಮಟೆ ಶುರುವಾಗಿತ್ತು. ಚಟ್ಟ ಅಂಗಳಕ್ಕೆ ಬಂದಿತ್ತು. ಈಶ್ವರನ್ ಮೊಣಕಾಲಿನವರೆಗೆ ಕೆಮ್ಮಣ್ಣು ಹತ್ತಿದ ಬಿಳಿ ಪ್ಯಾಂಟಿನಲ್ಲೇ ಇಳಿದು, ನಲ್ಲಿಯ ಕೆಳಗೆ ತಲೆಗೆ ನೀರು ಸುರಿದುಕೊಂಡು ಬಂದ. ಚಟ್ಟದ ಹಿಂದಿನ ಎಡ ತುದಿಯ ಬಳಿ ಕಾರ್ತಿಕೇಯನ್ ನಿಂತಿದ್ದ. ಅವನು ಅಪ್ಪನ ಕಡೆ ನೋಡದೆ ಅರ್ಧ ಹೆಜ್ಜೆ ಸರಿದು ಜಾಗ ಬಿಟ್ಟ. ಈಶ್ವರನ್ ಬಿದಿರಿಗೆ ಹೆಗಲು ಕೊಟ್ಟ.

"ಚಟ್ಟ ಬಿಡು. ಬರಬೇಡ ಅಂದಿದ್ದೆ," ಎಂದರು ಚೆನ್ನಿಯಪ್ಪನ್.

"ಬಿಡಲ್ಲ ಚಿಕ್ಕಪ್ಪ. ನಡೀರಿ, ಹೊತ್ತಾಯ್ತು."

ಪಳನಿಯಮ್ಮ ಬಾಗಿಲಲ್ಲಿ ನಿಂತಿದ್ದರು. ತಮಟೆಯವರು ಮುಂದೆ ನಡೆದರು. ಹೆಗಲು ಕೊಟ್ಟ ನಾಲ್ವರ ಹಿಂದೆ ಚೆನ್ನಿಯಪ್ಪನ್ನರೂ ನಡೆಯಬೇಕಾಯಿತು.

ಕೋವೈ ನಾರ್ತ್ ಐದನೆಯ ಡಿವಿಷನ್ನಿನಲ್ಲೇ ಉಳಿಯಿತು, ಚೌಡೇಶ್ವರಿ ಕ್ಲಬ್ಬೂ ಉಳಿಯಿತು. ಜುಲೈನಲ್ಲಿ ಹೊಸ ಸೀಸನ್ ಶುರುವಾದಾಗ ಈಶ್ವರನ್ ಆರಿಸಿದ ಹನ್ನೊಂದು ಜನರಲ್ಲಿ ಒಂದೇ ಮನೆತನದವರು ನಾಲ್ವರಿಗಿಂತ ಹೆಚ್ಚಿರಲಿಲ್ಲ; ನಾಲ್ವರು ಹೋದರೂ ಏಳು ಜನ ಉಳಿಯುತ್ತಾರೆ. ಅವನ ಮನೆತನದಿಂದ ಕೈಬಿಟ್ಟದ್ದು ತನ್ನ ಹೆಸರನ್ನೇ. ಆ ವರ್ಷ ಅವನು ಹನ್ನೆರಡನೆಯವನಾಗಿ ನೀರು ಕೊಟ್ಟ, ಕಾರ್ತಿಕೇಯನ್ ನಾಯಕನಾದ.