ಅಡುಗೆಮನೆಗೆ ಬಂದ ಬಿಳಲು

೧
ಮರದಿಂದ ಶುರು ಮಾಡಲೇ, ರೊಟ್ಟಿಯಿಂದಲೇ? ಮರ ತೀರ ದೊಡ್ಡದು, ನನ್ನ ಮೊದಲ ಸಾಲಿನಲ್ಲಿ ಹಿಡಿಸಲಿಲ್ಲ. ಹಾಗಾಗಿ ರೊಟ್ಟಿ. ಖಾನಾಪುರದ ಮನೆಯಲ್ಲಿ ಪೂರ್ಣಿಮಾ ಅರ್ಧ ಬಡಿದ ರೊಟ್ಟಿಯನ್ನು ಹಾಗೇ ಬಿಟ್ಟು, ಹಿಟ್ಟಿನ ಕೈಯಲ್ಲೇ ಜೋಳದ ಪೀಪಾಯಿ ಸರಿಸಿ ನೋಡುತ್ತಿದ್ದಾಳೆ. ಗೋಡೆ ಸೀಳಿದೆ. ಸೀಳಿನಲ್ಲಿ ಬಾಜೂಮನೆಯ ಆಲದ ಬಿಳಲು, ತೊಡೆಯಷ್ಟು ದಪ್ಪ, ಒಳಗೆ ಬಾಗಿ ನಿಂತಿದೆ.

೨
(ಕೋರ್ಟಿನ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ.) ಆ ಮರದಿಂದ ನಮ್ಮ ಮನೆಗೆ ಅಪಾಯ, ಕಡಿಸಿ ಎಂದು ಅವಳ ಗಂಡ ಶಶಿಧರ ಬಾಜೂಮನೆಯ ಕೃಷ್ಣಾಬಾಯಿಯ ಮೇಲೆ ದಾವೆ ಹೂಡಿದ್ದಾನೆ. ಬರೀ ಅಂಜಿಕೆ ಸಾಲದು, ಹಾನಿ ತೋರಿಸಬೇಕು ಎಂದಿದ್ದಾರೆ ಬೆಳಗಾವಿಯ ವಕೀಲರು. ಇವತ್ತು ಕೋರ್ಟ್ ಕಮಿಷನರ್ ನೋಡಲು ಬರುತ್ತಾರೆ. ಹೊರಗಿನಿಂದ ಬಿಳಲುಗಳ ದಟ್ಟಣೆಯಲ್ಲಿ ಏನೂ ಕಾಣದು. ಈ ಸೀಳು ಕಂಡರೆ ಮರ ಉರುಳುತ್ತದೆ. ಶಶಿಧರನಿಗೆ ಇದು ಗೊತ್ತಿಲ್ಲ. ಪೀಪಾಯಿಯ ಹಿಂದೆ ಅವನು ಯಾವತ್ತು ಇಣುಕಿದ್ದಾನೆ?

ಮುಂಜಾನೆ ಕೃಷ್ಣಾಬಾಯಿ ಕಂಪೌಂಡಿನ ಆಚೆಯಿಂದ, ಯಾರಿಗೆ ಎನ್ನದೆ, ಹೇಳಿದ್ದಳು: "ಗಿಡಾ ಮೊದಲ ಇತ್ತೋ, ಗ್ವಾಡಿ ಮೊದಲ ಇತ್ತೋ, ಸಾಹೇಬ್ರನ್ನ ಕೇಳ್ರಿ."

೩
(ಹಳೆಯ ಡ್ರಾಫ್ಟಿನಲ್ಲಿ ಇಲ್ಲೊಂದು ಹಾವು ಬರುತ್ತಿತ್ತು. ಓಡಿಸಿದೆ.)

ಬಿಳಲಿಗೊಂದು ಸೊಂಟವಿದೆ, ಬಿಗಿದು ಸಣ್ಣಗಾದ ಜಾಗ. ಅಲ್ಲಿ, ತೊಗಟೆ ನುಂಗಿ ಉಳಿದ ದಾರದ ತುದಿ. ಮದುವೆಯಾಗಿ ಬಂದ ವರ್ಷ ವಟಪೂರ್ಣಿಮೆಗೆ ಕೃಷ್ಣಾಬಾಯಿ ಪೂರ್ಣಿಮಾಳನ್ನು ಆಲಕ್ಕೆ ನೂಲು ಸುತ್ತಲು ಕರೆದಿದ್ದಳು. ಲಿಂಗವಂತರ ಸೊಸೆಗೆ ಆ ಪೂಜೆಯ ನೂಲು ಎಂಥದೆಂದೇ ಗೊತ್ತಿರಲಿಲ್ಲ. ಕೊರಳಲ್ಲಿ ಲಿಂಗ ಧರಿಸಲು ಮನೆಯಲ್ಲಿಟ್ಟಿದ್ದ ಹೊಸ ಶಿವದಾರವನ್ನೇ ಒಯ್ದಳು. ಅದು ಕಾಂಡಕ್ಕೆ ಸಾಲದೆ, ಬೆರಳಿನಷ್ಟಿದ್ದ ಬಿಳಲಿಗೆ ಗಂಟು ಹಾಕಿದಳು. ಕೃಷ್ಣಾಬಾಯಿ ನಕ್ಕಳು. ಪೂರ್ಣಿಮಾಳ ಅತ್ತೆಗೆ ಮಾತ್ರ ಆಕೆ ಅದನ್ನು ಎಂದೂ ಹೇಳಲಿಲ್ಲ.

ಹತ್ತಿಯ ದಾರ ಇಷ್ಟು ವರ್ಷ ಉಳಿದೀತೇ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಅವಳು ಅದರ ಮೇಲೆ ಬೆರಳಿಟ್ಟಳು. ತಂಪಿತ್ತು. ಆ ಬಿಳಲು ಯಾರ ಅಪ್ಪಣೆಯನ್ನೂ ಕೇಳದೆ, ಅವಳ ಗಂಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೆಳೆದು, ಕಲ್ಲುಗೋಡೆ ಸರಿಸಿ ಅವಳನ್ನೇ ಹುಡುಕಿಕೊಂಡು ಬಂದಂತಿತ್ತು. ಅವಳಿಗೆ ಮೈ ಜುಮ್ಮೆಂದಿತು. ಬರೆಯುತ್ತಿದ್ದ ನನಗೂ.

೪
ಮುಕ್ತಾಯಗಳಿವೆ. ಒಂದರಲ್ಲಿ ಅವಳು ಸೀಳು ತೋರಿಸುತ್ತಾಳೆ, ಗರಗಸ ಬರುತ್ತದೆ. ಇನ್ನೊಂದರಲ್ಲಿ ಎರಡೂ ಮನೆಯವರು ರಾಜಿಯಾಗಿ ಚಹಾ ಕುಡಿಯುತ್ತಾರೆ (ಬರೆದು ನಾನೇ ಹರಿದೆ).

ಸೀಳು ಮುಚ್ಚಿಟ್ಟು, ಗೋಡೆ ನಿನ್ನ ತಲೆಯ ಮೇಲೇ ಬಿದ್ದರೆ, ಎಂದೆ ಪೂರ್ಣಿಮಾಳಿಗೆ.

"ನಿಮ್ಮ ಕಥಿ ನೀವು ನೋಡ್ಕೋರಿ ಬಾಯಾರ. ಅಡಗಿಮನಿ ನಂದೈತಿ."

ಹೊರಗೆ ಜೀಪು ನಿಂತಿತು. "ಬರ್ರಿ ಸಾಹೇಬ್ರ, ಮೊದಲ ಹಿತ್ತಲಾ ನೋಡೂಣು," ಎನ್ನುತ್ತಿದ್ದಾನೆ ಶಶಿಧರ. ಪೂರ್ಣಿಮಾ ಪೀಪಾಯಿಯನ್ನು ಮತ್ತೆ ಗೋಡೆಯತ್ತ ತಳ್ಳಿದಳು, ಬಿಳಲಿಗೆ ತಾಗದಂತೆ ಒಂದು ಗೇಣು ಬಿಟ್ಟು. ಕೂತು, ಬಿಟ್ಟ ರೊಟ್ಟಿಯನ್ನೇ ಬಡಿಯತೊಡಗಿದಳು.

ಹೆಜ್ಜೆಗಳು ಹಿತ್ತಲು ದಾಟಿ ಈಗ ಒಳಗೆ ಬರುತ್ತಿವೆ. ಅವರು ಪೀಪಾಯಿ ಸರಿಸುತ್ತಾರೋ ಇಲ್ಲವೋ ನೋಡೋಣವೆಂದು ನಾನೂ ಅಡುಗೆಮನೆಯ ಹೊಸ್ತಿಲಿಗೆ ಬಂದೆ. ಅವಳು ಎದ್ದು, ನನ್ನ ಮುಖಕ್ಕೇ ಬಾಗಿಲು ಮುಂದೆ ಮಾಡಿದಳು.