ಹಿಂಡು ದಾಟುವ ಮೊದಲು

ಔರಾದದಿಂದ ಹೊರಟ ಬಸ್ಸಿನಲ್ಲಿ ಜೂಲಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪರ್ಸಿನಲ್ಲಿದ್ದ ಪುಟ್ಟ ಡಬ್ಬಿಯನ್ನು ತೆಗೆಯುವಳು, ತಿರುಗಿಸಿ ನೋಡುವಳು, ಮತ್ತೆ ಒಳಗಿಡುವಳು. ಅದರೊಳಗೆ ಇದ್ದದ್ದು ಹೆಬ್ಬೆರಳ ಉಗುರಿನಷ್ಟೇ ದೊಡ್ಡದಾದ ವೈಫೈ ಅಡಾಪ್ಟರ್. ಭಾಲ್ಕಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಇರ್ಫಾನ ಹಿಂದಿನ ಸಂಜೆ ಅದನ್ನು ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟಿದ್ದ.

"ಲ್ಯಾಪ್‌ಟಾಪಿಗೆ ಹಚ್ರಿ ಸಿಸ್ಟರ್, ಅದು ತಾನೇ ನಡೀತದ," ಎಂದು ಫೋನಿನಲ್ಲಿ ಹೇಳಿದ್ದ. "ಒಳಗಿನ ವೈಫೈ ಕಾರ್ಡು ಖರಾಬ ಆಗ್ಯಾದ. ಅದನ್ನ ಬಿಚ್ಚಿ ಹೊಸಾದು ಹಾಕ್ಲಿಕ್ಕೆ ಟೈಮ್ ಬೇಕು."

ಟೈಮ್ ಇರಲಿಲ್ಲ. ಅವತ್ತೇ ಗುರುವಾರ.

ಡಾಬಕಾ ದಾಟಿದ ಮೇಲೆ, ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡಂತಿರುವ ಹಳ್ಳಿಯೊಂದರಲ್ಲಿ ಚರ್ಚಿನ ಕೆಲವರು ಕೂಡಿ ನಡೆಸುತ್ತಿದ್ದ ಸಣ್ಣ ದವಾಖಾನೆಗೆ ಜೂಲಿ ನರ್ಸ್. ಗುರುವಾರ ಮಧ್ಯಾಹ್ನದವರೆಗೆ ಬೀದರಿನಿಂದ ಡಾಕ್ಟರ್ ಆಬೇದಾ ವಿಡಿಯೋದಲ್ಲಿ ಕೂತು ಬಾಯಿ, ಗಂಟಲಿನ ರೋಗಿಗಳನ್ನು ನೋಡುತ್ತಿದ್ದರು. ದವಾಖಾನೆಗೆ ಕೇಬಲ್ಲಿನ ಇಂಟರ್ನೆಟ್ ಬಂದಿತ್ತು, ಗೋಡೆಯ ಮೇಲೆ ರೌಟರ್ ಮಿನುಗುತ್ತಿತ್ತು. ಆದರೆ ಹಿಂದಿನ ವಾರದಿಂದ ಲ್ಯಾಪ್‌ಟಾಪಿಗೆ ಅದು ಕಾಣುತ್ತಲೇ ಇರಲಿಲ್ಲ. ರೌಟರಿನ ಕೇಬಲ್ಲನ್ನು ನೇರವಾಗಿ ಚುಚ್ಚುವ ಜಾಗ ಅದರಲ್ಲಿರಲಿಲ್ಲ, ಜೂಲಿಯ ಫೋನಿನ ವೈಫೈಯೂ ಕೆಟ್ಟಿತ್ತು.

ಬೇರೆ ವಾರವಾಗಿದ್ದರೆ ಜೂಲಿ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸೋಮವಾರ ಕುರಿಗಾಹಿ ಹಣಮಂತಪ್ಪ ಮೊಣಕಾಲಿಗೆ ಮುಲಾಮು ಕೇಳಿಕೊಂಡು ಬಂದಿದ್ದ. ಏನೋ ಮಾತಿಗೆ ಬಾಯಿ ತೆರೆದು ನಕ್ಕಾಗ ಅವನ ಎಡಗೆನ್ನೆಯ ಒಳಗೆ ಬಿಳಿಯ ಕಲೆ, ಅದರ ಅಂಚಿಗೆ ಕೆಂಪಗೆ ಹಣ್ಣಾದ ಗಾಯ ಅವಳ ಕಣ್ಣಿಗೆ ಬಿತ್ತು. ಟಾರ್ಚು ಹಿಡಿದು ನೋಡಿದಳು. ಎರಡು ವರ್ಷದ ಹಿಂದೆ ಇಂಥದೇ ಕಲೆಯನ್ನು ತನ್ನ ತಂದೆಯ ಬಾಯಲ್ಲಿ ನೋಡಿದ್ದಳು.

"ಎಷ್ಟು ದಿನ ಆಯ್ತ್ರಿ ಕಾಕಾ ಇದು?"

"ಬ್ಯಾಸಗ್ಯಾಗಿಂದ ಅದ ನರ್ಸಬಾಯಿ. ಖಾರ ತಿಂದ್ರ ಉರೀತದ, ಮತ್ತ ಸುಮ್ಮನಾಗ್ತದ. ತಂಬಾಕ ಇಡೂ ಜಾಗಾ, ಹಂಗೇ ಅದು."

ಬೀದರಿಗೆ ಹೋಗಿ ತೋರಿಸಿರಿ ಎಂದರೆ ಅವನು ತಲೆ ಅಲ್ಲಾಡಿಸಿಬಿಟ್ಟ. ಗುರುವಾರ ಹಿಂಡು ಉದಗೀರ ಕಡೆ ದಾಟಬೇಕು, ಅಲ್ಲಿ ಒಬ್ಬರ ಹೊಲದಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುವುದಾಗಿ ಮಾತು ಕೊಟ್ಟಾಗಿದೆ. ತಿರುಗಿ ಬರುವುದು ಮಳೆಗಾಲಕ್ಕೆ. ಜೂಲಿ ಗೋಗರೆದಳು. ಕಡೆಗೆ, ಹೊರಡುವ ಮುಂಚೆ ದವಾಖಾನೆಗೆ ಬಂದು ಲ್ಯಾಪ್‌ಟಾಪಿನೊಳಗೇ ಡಾಕ್ಟರಿಗೆ ತೋರಿಸುತ್ತೇನೆ ಎನ್ನುವಷ್ಟಕ್ಕೆ ಒಪ್ಪಿದ. ಅವಳು ಕಳಿಸಿದ ಫೋಟೋ ನೋಡಿದ ಡಾಕ್ಟರ್ ಆಬೇದಾ, ಫೋಟೋದಿಂದ ಏನೂ ಹೇಳಲಾಗದು, ಗಾಯವನ್ನು ಬೆರಳಿನಿಂದ ಒತ್ತಿ ತೋರಿಸು, ಅವನೊಂದಿಗೆ ನಾನೇ ಮಾತಾಡುತ್ತೇನೆ ಎಂದು ಬರೆದಿದ್ದರು.

ಜೂಲಿ ಬಸ್ಸಿಳಿದು ಓಡುನಡಿಗೆಯಲ್ಲಿ ಬಂದಾಗ ಹಣಮಂತಪ್ಪ ಆಗಲೇ ದವಾಖಾನೆಯ ಕಟ್ಟೆಯ ಮೇಲೆ ಕೂತಿದ್ದ. ಪಕ್ಕದಲ್ಲಿ ಹೆಂಡತಿ ಅಂಜನಾಬಾಯಿ. ಎದುರಿನ ಬೀಳು ಹೊಲದಲ್ಲಿ ಹಿಂಡು ಮೇಯುತ್ತಿತ್ತು. ಮಗ ಅಮೋಲ್ ಕೋಲಿಗೆ ಗದ್ದ ಊರಿ ನಿಂತು ದಾರಿಯ ಕಡೆಗೇ ನೋಡುತ್ತಿದ್ದ.

"ಲಗೂನ ಮುಗಸ್ರಿ ನರ್ಸಬಾಯಿ," ಎಂದ ಹಣಮಂತಪ್ಪ. "ಬಿಸಲು ಏರಿದ್ರ ಮರಿ ನಡಿಯಂಗಿಲ್ಲ."

"ಒಂದೀಟು ಕೂಡ್ರಿ ಕಾಕಾ. ಈಗ ಆಗ್ತದ."

ಆಗಲಿಲ್ಲ. ಲ್ಯಾಪ್‌ಟಾಪ್ ತೆರೆದು ಅಡಾಪ್ಟರನ್ನು ಯುಎಸ್‌ಬಿ ತೂತಿಗೆ ಚುಚ್ಚಿದಳು. ಟಿಂಗ್ ಎಂದಿತು, ಅಷ್ಟೇ. ಅದರ ತುದಿಯಲ್ಲಿ ದೀಪ ಹತ್ತಲಿಲ್ಲ. ತೆಗೆದು ಇನ್ನೊಂದು ತೂತಿಗೆ ಹಾಕಿದಳು. ಮತ್ತೆ ಟಿಂಗ್, ಮತ್ತೆ ಕತ್ತಲೆ. ಡಿವೈಸ್ ಮ್ಯಾನೇಜರ್ ತೆರೆದರೆ ಅದರ ಹೆಸರಿನ ಮುಂದೆ ಹಳದಿ ಗುರುತು ಕೂತಿತ್ತು. ಅಡಾಪ್ಟರನ್ನು ಗುರುತಿಸುವ ತಂತ್ರಾಂಶ, ಇರ್ಫಾನ ಯಾವಾಗಲೂ ಹೇಳುವ 'ಡ್ರೈವರ್', ಈ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಡಬ್ಬಿಯ ತಳದಲ್ಲಿ ಅದಕ್ಕೆಂದೇ ಪುಟ್ಟದೊಂದು ಸಿ.ಡಿ. ಇತ್ತು. ಸಿ.ಡಿ. ಹಾಕುವ ಜಾಗ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ. ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳೋಣವೆಂದರೆ ಇಂಟರ್ನೆಟ್ಟಿಗಾಗಿಯೇ ಇಷ್ಟೆಲ್ಲ ಪಾಡು.

ಹಳ್ಳಿಯೊಳಗೆ ಮೊಬೈಲ್ ಸಿಗ್ನಲ್ ಸಿಗುತ್ತಿದ್ದದ್ದು ಮಾಳಿಗೆಯ ಮೇಲೆ ಮಾತ್ರ, ಅದೂ ಒಂದೆರಡು ಗೆರೆ. ಮಾತಾಡಿದರೆ ಕೇಳಿಸುತ್ತಿತ್ತು, ಚಿತ್ರ ನಿಂತುಬಿಡುತ್ತಿತ್ತು. ಜೂಲಿ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕಬ್ಬಿಣದ ಏಣಿ ಹತ್ತಿದಳು. ನೀರಿನ ಟಾಕಿಯ ನೆರಳಿಗೆ ಕೂತು ಚಾರ್ಜರಿನ ವೈರಿನಿಂದ ಫೋನನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಇಂಟರ್ನೆಟ್ ಆ ವೈರಿನಲ್ಲಿ ಹರಿಯುವಂತೆ ಮಾಡಿದಳು. ಡಬ್ಬಿಯ ಮೇಲಿದ್ದ ನಂಬರು ಹೊಡೆದು ಹುಡುಕಿದಾಗ ಡ್ರೈವರ್ ಸಿಕ್ಕಿತು. ಇಳಿಸಿಕೊಳ್ಳಲು ಒತ್ತಿದಳು. ಹಸಿರು ಗೆರೆ ಇರುವೆಯ ಹಾಗೆ ಹರಿಯತೊಡಗಿತು.

ಕೆಳಗಿನಿಂದ ಅಮೋಲನ ದನಿ ಬಂತು: "ಬಾಬಾ, ಮುಂದಿನ ಹಿಂಡಿನವ್ರು ಹೋದ್ರು ನೋಡು!"

"ಕಾಕಾ, ಏಳಬ್ಯಾಡ್ರಿ!" ಎಂದು ಜೂಲಿ ಮಾಳಿಗೆಯ ಅಂಚಿಗೆ ಬಗ್ಗಿ ಕೂಗಿದಳು. ಬಗ್ಗಿದಾಗ ವೈರು ಸಡಿಲಾಯಿತು. ಹಸಿರು ಗೆರೆ ಮುಕ್ಕಾಲು ದಾರಿಯಲ್ಲಿ ನಿಂತುಹೋಯಿತು. ಮೊದಲಿನಿಂದ ಮತ್ತೆ. ಅವಳಿಗೆ ಅಳು ಬಂದಂತಾಯಿತು, ಸಿಟ್ಟೂ ಬಂತು. ಈ ಸಲ ವೈರಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡು ಅಲುಗಾಡದೆ ಕೂತಳು. ಮೈ ಅಲುಗಾಡದಿದ್ದರೂ ಮನಸ್ಸು ಏಣಿ ಇಳಿದು, ಹೊಲಕ್ಕೆ ಹೋಗಿ, ಭಾಲ್ಕಿಯ ಮನೆಗೆ ಹೋಗಿ ಬರುತ್ತಲೇ ಇತ್ತು.

ಭಾಲ್ಕಿಯಲ್ಲಿ ಅವಳ ತಂದೆ ಆಲ್ಬರ್ಟ ಮಾಸ್ತರರು ಕಿಟಕಿಯ ಪಕ್ಕ ಕೂತಿರುತ್ತಾರೆ, ಮೂಗಿನಿಂದ ಕೆಳಗೆ ಟವೆಲು ಸುತ್ತಿಕೊಂಡು. ಹೈಸ್ಕೂಲಿನಲ್ಲಿ ಗಣಿತ ಕಲಿಸಿ, ಚರ್ಚಿನಲ್ಲಿ ಮುಂದೆ ನಿಂತು ಹಾಡಿಸುತ್ತಿದ್ದವರು. ಗಾಯವನ್ನು ತೋರಿಸಲು ತಡ ಮಾಡಿದ್ದಕ್ಕೆ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಅಂದಿನಿಂದ ಚರ್ಚಿಗೆ ಹೋಗಿಲ್ಲ. ವಿಡಿಯೋ ಕರೆ ಬಂದರೆ ಫೋನನ್ನು ಹೆಂಡತಿ ಜ್ಞಾನಮ್ಮನ ಕೈಗೆ ಕೊಟ್ಟು ಎದ್ದುಹೋಗುತ್ತಾರೆ.

ಗೆರೆ ತುಂಬಿತು. ಜೂಲಿ ಕೆಳಗಿಳಿದು ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಡ್ರೈವರನ್ನು ಹಾಕಿದಳು. ಆರಿಸಿ ಮತ್ತೆ ಹಚ್ಚಿರಿ ಎಂದು ಅದು ಕೇಳಿತು. ಆರಿಸಿ ಹಚ್ಚಿದಳು. ಅಡಾಪ್ಟರಿನ ತುದಿಯಲ್ಲಿ ನೀಲಿ ದೀಪ ಮಿಣಮಿಣನೆ ಮಿಣುಕಿತು. ದವಾಖಾನೆಯ ನೆಟ್‌ವರ್ಕಿನ ಹೆಸರು ತೆರೆಯ ಮೇಲೆ ಬಂತು. ಪಾಸ್‌ವರ್ಡ್ ಹೊಡೆದಳು.

"ಬಂತ್ರಿ ಕಾಕಾ! ಒಳಗ ಬರ್ರಿ!"

ಹಣಮಂತಪ್ಪ ತಲೆಗೆ ಸುತ್ತಿದ ಪಟಗ ಸರಿಮಾಡಿಕೊಂಡು ಬಂದು ಸ್ಟೂಲಿನ ಮೇಲೆ ಕೂತ. ತೆರೆಯ ಮೇಲೆ ಡಾಕ್ಟರ್ ಆಬೇದಾ ಕಂಡರು, "ನಮಸ್ಕಾರ್ರಿ, ಬಾಯಿ ತೆಗೀರಿ" ಎಂದರು. ಅವನು ಬಾಯಿ ತೆಗೆಯುವಷ್ಟರಲ್ಲಿ ಅವರ ಮುಖ ಕಲ್ಲಿನಂತೆ ನಿಂತು, ಮಾಯವಾಯಿತು. ಜೂಲಿ ಮತ್ತೆ ಜೋಡಿಸಿದಳು. ಮತ್ತೆ ಬಂತು, ಮತ್ತೆ ಹೋಯಿತು.

"ಇದು ನಡಿಯಂಗಿಲ್ಲ ಬಿಡ್ರಿ," ಎಂದು ಅವನು ಎದ್ದ.

ಅಂಜನಾಬಾಯಿ ಗಂಡನ ಧೋತರದ ಅಂಚು ಹಿಡಿದಳು. "ಕೂಡ್ರಿ ಸುಮ್ಮ. ರಾತ್ರಿ ಗಲ್ಲ ಹಿಡ್ಕೊಂಡು ನರಳೂದು ನರ್ಸಬಾಯಿಗೇನು ಗೊತ್ತದ? ನನಗ ಗೊತ್ತದ."

ಜೂಲಿ ಸೆಟ್ಟಿಂಗುಗಳನ್ನು ಒಂದೊಂದಾಗಿ ತೆರೆದು ನೋಡುತ್ತ ಹೋದಳು. ಕೆಟ್ಟುಹೋದ ಒಳಗಿನ ಕಾರ್ಡು ಇನ್ನೂ ಪಟ್ಟಿಯಲ್ಲಿತ್ತು. ಆಗಾಗ ಎಚ್ಚೆತ್ತು ತಾನೂ ಜೋಡಿಸಿಕೊಳ್ಳಲು ನೋಡುತ್ತಿತ್ತು. ಅದನ್ನು ಬಂದ್ ಮಾಡಿದಳು. ಹೊಸ ಅಡಾಪ್ಟರಿನ ಪುಟದಲ್ಲಿ, ಕರೆಂಟು ಉಳಿಸಲು ಕಂಪ್ಯೂಟರ್ ಇದನ್ನು ಆರಿಸಬಹುದು ಎನ್ನುವ ಸಾಲಿನ ಮುಂದೆ ಗುರುತು ಬಿದ್ದಿತ್ತು. ಅದನ್ನೂ ತೆಗೆದಳು. ದೀಪವನ್ನೇ ನೋಡುತ್ತ ಕಾದಳು. ನೀಲಿ ದೀಪ ಈಗ ತಪ್ಪದೆ ಮಿಣುಕುತ್ತಿತ್ತು. ನೆಟ್‌ವರ್ಕ್ ಬೀಳಲಿಲ್ಲ.

ಆದರೆ ಆ ಕಡೆ ಡಾಕ್ಟರ್ ಇರಲಿಲ್ಲ. ಸಂದೇಶ ಬಂದಿತ್ತು: ಅರ್ಜೆಂಟ್ ಆಪರೇಷನ್ನಿಗೆ ಹೋಗುತ್ತಿದ್ದೇನೆ, ಮಧ್ಯಾಹ್ನದ ಮೇಲೆ ಸಿಗುತ್ತೇನೆ, ಅವರನ್ನು ಬಿಡಬೇಡ.

"ಮಧ್ಯಾಹ್ನ ಆದಮ್ಯಾಲೆ?" ಹಣಮಂತಪ್ಪ ನಕ್ಕ. ಆ ನಗುವಿನಲ್ಲಿ ಸಿಟ್ಟಿರಲಿಲ್ಲ. "ನೀವು ಭಾಳ ತ್ರಾಸ ತಗೊಂಡ್ರಿ. ಮಳಿಗಾಲದಾಗ ಬಂದು ತೋರಸ್ತೇನಿ, ದೇವರಾಣಿ." ಕಟ್ಟೆಗೆ ಹೋಗಿ ಕೋಲು ಎತ್ತಿಕೊಂಡ. ಹೊಲದಲ್ಲಿ ಅಮೋಲ್ ಹಿಂಡನ್ನು ಒಟ್ಟುಗೂಡಿಸಲು ಸಿಳ್ಳೆ ಹಾಕಿದ.

ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ಜೂಲಿ ಲ್ಯಾಪ್‌ಟಾಪಿನಿಂದ ಭಾಲ್ಕಿಗೆ ವಿಡಿಯೋ ಕರೆ ಹಚ್ಚಿದ್ದಳು. ಜ್ಞಾನಮ್ಮ ಎತ್ತಿದರು.

"ಮಮ್ಮಿ, ಪಪ್ಪಾನ ಕೈಯಾಗ ಕೊಡು. ಲಗೂ."

ಟವೆಲು ಸುತ್ತಿದ ಮುಖ ಅರ್ಧ ಕಂಡಿತು. ಕಣ್ಣುಗಳು ಗಾಬರಿಯಾಗಿದ್ದವು.

"ಪಪ್ಪಾ, ಇಲ್ಲೊಬ್ರು ಕಾಕಾ ಇದ್ದಾರ. ಬಾಯಾಗ ನಿಮಗಾದಂಗೇ ಆಗ್ಯಾದ. ಬೀದರಕ್ಕ ಹೋಗಂಗಿಲ್ಲ ಅಂತಾರ. ಟವೆಲ ತೆಗೀರಿ ಪಪ್ಪಾ, ಒಂದು ಸಲ ತೋರಸ್ರಿ."

ಆ ಕಣ್ಣುಗಳು ಅವಳನ್ನು ನೋಡಿದವು. ನಂತರ ತೆರೆ ಕಪ್ಪಾಯಿತು. ನೆಟ್‌ವರ್ಕ್ ಹೋಗಿರಲಿಲ್ಲ, ಅವರೇ ಕರೆ ಕಡಿದಿದ್ದರು.

ಜೂಲಿಗೆ ಮಾಡಬಾರದ್ದನ್ನು ಮಾಡಿದೆ ಅನ್ನಿಸಿತು. ಹೊರಗೆ ಕುರಿಗಳು ಒತ್ತೊತ್ತಾಗಿ ದಾರಿಗೆ ಇಳಿಯತೊಡಗಿದ್ದವು. ಅಂಜನಾಬಾಯಿ ಗಂಟು ತಲೆಗೇರಿಸಿಕೊಂಡು, ಬಾಗಿಲಲ್ಲೇ ನಿಂತಿದ್ದಳು. ಜೂಲಿ ಮೇಜಿಗೂ ಬಾಗಿಲಿಗೂ ನಡುವೆ ಓಡಾಡಿದಳು. ಅಡ್ಡ ಹೋಗಿ ನಿಲ್ಲಲೇ? ಕಾಲು ಹಿಡಿಯಲೇ?

ಆಗ ಲ್ಯಾಪ್‌ಟಾಪ್ ರಿಂಗಾಯಿತು.

ಭಾಲ್ಕಿಯಿಂದಲೇ. ಟವೆಲು ಇರಲಿಲ್ಲ. ಎಡಗಡೆ ಗಲ್ಲ ಒಳಕ್ಕೆ ಕುಸಿದು, ತುಟಿ ಓರೆಯಾಗಿ ಕೆಳಗೆ ಜಗ್ಗಿತ್ತು, ಕುತ್ತಿಗೆಯವರೆಗೆ ಹೊಲಿಗೆಯ ಗುರುತು. ಹಗಲ ಬೆಳಕಿನಲ್ಲಿ ಆ ಮುಖವನ್ನು ಜೂಲಿಯೂ ಇಷ್ಟು ನೇರವಾಗಿ ನೋಡಿರಲಿಲ್ಲ.

"ಕರಿ ಅವ್ರಿಗೆ," ಎಂದರು ಆಲ್ಬರ್ಟ. ಮಾತು ತೊದಲಿತು.

ಜೂಲಿ ಲ್ಯಾಪ್‌ಟಾಪನ್ನೇ ಎತ್ತಿಕೊಂಡು ಕಟ್ಟೆಗೆ ಬಂದಳು. ಹಣಮಂತಪ್ಪ ತಿರುಗಿ ನೋಡಿ ನಿಂತುಬಿಟ್ಟ.

"ಯಾರ್ರಿ ಇವ್ರು?"

"ನಮ್ಮ ಪಪ್ಪಾ."

ಆಲ್ಬರ್ಟ ಮಾತಾಡಿದರು. ಕೆಲವು ಮಾತು ತಿಳಿಯದಾದಾಗ ಜೂಲಿ ಬಿಡಿಸಿ ಹೇಳಿದಳು. ಅವರು ಹೆಚ್ಚೇನೂ ಹೇಳಲಿಲ್ಲ. ಪರೀಕ್ಷೆ ಮುಗೀಲಿ, ಪೇಪರ್ ತಿದ್ದೂದು ಮುಗೀಲಿ, ಕ್ರಿಸ್ಮಸ್ ಹಾಡು ಮುಗೀಲಿ, ಆಮ್ಯಾಲೆ ತೋರಸ್ತೇನಿ ಅಂತ ನಾನೂ ಅಂದಿದ್ದೆ ಎಂದರು. ನೀವು ಇವತ್ತ ತೋರಸ್ರಿ ಎಂದರು.

ಹಣಮಂತಪ್ಪ ತೆರೆಯ ಹತ್ತಿರ ಬಗ್ಗಿ ಆ ಗಲ್ಲವನ್ನು ನೋಡುತ್ತಿದ್ದ. ತನ್ನ ಎಡಗೆನ್ನೆಯನ್ನು ಹೊರಗಿನಿಂದ ಒಂದು ಸಲ ಮುಟ್ಟಿಕೊಂಡ.

"ರೊಟ್ಟಿ ತಿನ್ಲಿಕ್ಕೆ ಬರ್ತದೇನ್ರಿ ಮಾಸ್ತರ?"

"ನನಗ ಬರಂಗಿಲ್ಲ. ಈಗ ಹೋದ್ರ ನಿಮಗ ಬರಬಹುದು."

ಅವನು ಕೋಲನ್ನು ಕಟ್ಟೆಗೆ ಒರಗಿಸಿದ. ಆಮೇಲೆ ಮಗನನ್ನು ಕೂಗಿದ: "ಅಮೋಲ್, ನಾ ಬೀದರಕ್ಕ ಹೋಗಿ ತೋರಿಸಿ ಬರ್ತೇನಿ, ಅವ್ವನ ಕರ್ಕೊಂಡು ನೀ ಹಿಂಡು ಹೊಡಿ. ಕಪ್ಪು ಟಗರು ಗಡಿ ಹತ್ರ ಬ್ಯಾರೆ ಹಿಂಡಿಗೆ ನುಗ್ತದ, ಲಕ್ಷ್ಯ ಇರ್ಲಿ." ಅಂಜನಾಬಾಯಿ ತಲೆಯ ಮೇಲಿನ ಗಂಟನ್ನು ಇಳಿಸಿದಳು. ತಾನು ಹಿಂಡಿನ ಜೊತೆ ಹೋಗುವುದಿಲ್ಲ, ಗಂಡನ ಜೊತೆ ಬೀದರಿಗೆ ಬರುತ್ತೇನೆ ಎಂದಳು. ಅದರ ಮೇಲೆ ಮೂವರಿಗೂ ಚಿಕ್ಕ ಜಗಳವಾಯಿತು. ಅಂಜನಾಬಾಯಿ ಗೆದ್ದಳು.

ಮಧ್ಯಾಹ್ನದ ಮೇಲೆ ಡಾಕ್ಟರ್ ಆಬೇದಾ ತೆರೆಯ ಮೇಲೆ ಬಂದರು. ಜೂಲಿ ಕೈಗವಸು ಹಾಕಿಕೊಂಡು ಗಾಯದ ಸುತ್ತ ಒತ್ತಿ ತೋರಿಸಿದಳು. ಟಾರ್ಚಿನ ಬೆಳಕಿನಲ್ಲಿ ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ಡಾಕ್ಟರ್ ಮರುದಿನವೇ ಬೀದರಿಗೆ ಬರಲು ಹೇಳಿದರು. ಅಲ್ಲಿ ಗಾಯದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬರುವವರೆಗೆ ಜೂಲಿಗೆ ನಿದ್ದೆ ಹತ್ತಲಿಲ್ಲ. ಫೋನು ಸದ್ದು ಮಾಡಿದರೆ ಸಾಕು, ಓಡಿಹೋಗಿ ನೋಡುತ್ತಿದ್ದಳು. ಆಲ್ಬರ್ಟರಂತೂ ಅವಳೊಂದಿಗೆ ಮಾತು ಬಿಟ್ಟಿದ್ದರು. ಜ್ಞಾನಮ್ಮ ಮಾತ್ರ ಫೋನಿನಲ್ಲಿ, "ಸಿಟ್ಟಾಗ್ಯಾರ, ಇರ್ಲಿ ಬಿಡು," ಎನ್ನುತ್ತಿದ್ದರು.

ಕ್ಯಾನ್ಸರ್ ಇತ್ತು. ಆದರೆ ಆಳಕ್ಕೆ ಇಳಿದಿರಲಿಲ್ಲ. ಕೆನ್ನೆಯ ಒಳಗಿನ ಸ್ವಲ್ಪ ಭಾಗವನ್ನಷ್ಟೇ ತೆಗೆದರೆ ಸಾಕು, ದವಡೆ ಮುಟ್ಟುವುದು ಬೇಡ ಎಂದರು ಡಾಕ್ಟರ್.

ಆಪರೇಷನ್ನಿನ ದಿನ ಜೂಲಿ ರಜೆ ಹಾಕಿ ಬೀದರಿಗೆ ಹೋದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಹಣಮಂತಪ್ಪ ಕಂಡ, ಅಂಜನಾಬಾಯಿ ಕಂಡಳು. ಅವರ ಪಕ್ಕದಲ್ಲಿ ತೆಳ್ಳಗಿನವರೊಬ್ಬರು ಬೆನ್ನು ತಿರುಗಿಸಿ ಕೂತಿದ್ದರು. ಹತ್ತಿರ ಹೋದ ಮೇಲೆ ಗೊತ್ತಾಯಿತು, ಆಲ್ಬರ್ಟ. ಭಾಲ್ಕಿಯಿಂದ ಒಬ್ಬರೇ ಬಸ್ಸು ಹತ್ತಿ ಬಂದಿದ್ದರು. ಟವೆಲು ಇನ್ನೂ ಮುಖದ ಮೇಲೇ ಇತ್ತು.

"ಪಪ್ಪಾ, ನೀವು ಯಾವಾಗ ಬಂದ್ರಿ?"

ಅವರು ಅವಳ ಕಡೆ ನೋಡಲಿಲ್ಲ. "ನನಗ ಕೇಳ್ದೇ ಇನ್ನೊಮ್ಮೆ ಹಂಗ ಮಾಡಬ್ಯಾಡ," ಎಂದರು.

"ಇಲ್ರಿ ಪಪ್ಪಾ."

"ಕೂಡು." ಬೆಂಚಿನ ಮೇಲೆ ಸರಿದು ಜಾಗ ಮಾಡಿಕೊಟ್ಟರು. ಹಣಮಂತಪ್ಪನನ್ನು ಒಳಗೆ ಕರೆದಾಗ ಆಲ್ಬರ್ಟ ಅವನ ಭುಜ ಹಿಡಿದು ಬಾಗಿಲಿನವರೆಗೂ ಹೋಗಿ ಬಿಟ್ಟುಬಂದರು.