ಓಡುವ ಬೆಲ್ಟಿಗೆ ಕೈ

ನನ್ನ ಹಿಟ್ಟಿನ ಮಿಲ್ಲಿಗೂ ಊರಿನ ಹಳೆಯ ತೂಕದ ಷೆಡ್ಡಿಗೂ ನಡುವೆ ಒಂದೇ ಗೋಡೆ. ಖಾಲಿ ಬಿದ್ದ ಆ ಷೆಡ್ಡಿನಲ್ಲಿ ಮಕ್ಕಳ ಸಂಘ ಶುರು ಮಾಡುತ್ತೇನೆಂದು ನನ್ನ ಮಗಳು ಹೇಳಿದಾಗ ನಾನು ಯಂತ್ರದ ಬಾಯಿಗೆ ಜೋಳ ಸುರಿಯುತ್ತಿದ್ದೆ. ಅರ್ಧ ಜೋಳ ನೆಲಕ್ಕೆ ಚೆಲ್ಲಿತು.

"ನಾನಿರೋವರೆಗೂ ಆಗಲ್ಲ," ಎಂದೆ.

"ಷೆಡ್ಡು ಊರಿಂದು, ನಿಂದಲ್ಲಪ್ಪ," ಎಂದಳು.

ಅವಳು ಹಾಗೇ. ವಯಸ್ಸು ಮೂವತ್ತೊಂದು, ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್. ಬಲಗೈಯಲ್ಲಿ ಮೂರೇ ಬೆರಳು. ಆ ಮೂರರಲ್ಲೇ ಒದೆಯುವ ಎಮ್ಮೆಗೂ ಒಂದೇ ಸಲಕ್ಕೆ ಇಂಜೆಕ್ಷನ್ ಚುಚ್ಚುತ್ತಾಳೆ. ಊರವರು ಬೆನ್ನ ಹಿಂದೆ ಮೂರ್ಬೆರಳಿ ಅನ್ನುತ್ತಾರೆ. ಹಾಗೆ ಅನ್ನುವವನ ಹಲ್ಲು ಉದುರಿಸಬೇಕೆನಿಸುತ್ತದೆ. ಇದುವರೆಗೆ ಒಬ್ಬನದೂ ಉದುರಿಸಿಲ್ಲ. ಅದಕ್ಕೆ ಕಾರಣವಿದೆ.

ಸ್ಕೂಲು ಬಿಡುವುದು ನಾಲ್ಕಕ್ಕೆ, ಅಪ್ಪ ಅಮ್ಮಂದಿರು ಹೊಲದಿಂದ ಬರುವುದು ಏಳಕ್ಕೆ. ನಡುವಿನ ಮೂರು ಗಂಟೆ ಊರಿನ ಮಕ್ಕಳೆಲ್ಲ ಕಾಲುವೆಯ ಏರಿ ಮೇಲೆ, ಬಸ್ಸಿನ ಹಿಂದಿನ ಏಣಿ ಮೇಲೆ, ಇಲ್ಲವೇ ನನ್ನ ಮಿಲ್ಲಿನ ಬಾಗಿಲಲ್ಲಿ. ನಾನು ಬೈದು ಅಟ್ಟುತ್ತೇನೆ, ಅವು ಮತ್ತೆ ಬರುತ್ತವೆ. ಅವುಗಳಿಗಾಗಿ ಮಗಳು ಎರಡು ಕೇರಂ ಬೋರ್ಡು, ಒಂದು ವಾಲಿಬಾಲ್ ನೆಟ್ಟು, ಒಂದು ಬೀರು ತುಂಬ ಪುಸ್ತಕ ಹೊಂದಿಸಿದ್ದಳು. ಸಂಘದ ಬೋರ್ಡನ್ನೂ ಬರೆಸಿಟ್ಟಿದ್ದಳು.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದ್ಹಾಗಾಯ್ತು," ಎಂದೆ.

"ಕೂಸುಗಳು ಆಗಲೇ ಹುಟ್ಟಿ ಬೀದೀಲಿ ಅಲೀತಿವೆ. ಕಣ್ಣು ಬಿಟ್ಟು ನೋಡು."

ಸರಿ, ಯುದ್ಧವೇ ಆಗಲಿ ಎಂದುಕೊಂಡೆ. ಇಡೀ ಊರೇ ಡಬ್ಬ ಹಿಡಿದು ಮಿಲ್ಲಿಗೆ ಬರುವಾಗ ನಾನು ಮನೆಮನೆ ಅಲೆಯುವ ಅಗತ್ಯವಿರಲಿಲ್ಲ. ಪ್ರತಿ ಡಬ್ಬದ ಜೊತೆ ಒಂದೊಂದು ಮಾತು ಹಾಕಿ ಕಳಿಸಿದೆ. ಹುಡುಗ ಹುಡುಗೀರು ಒಂದೇ ಷೆಡ್ಡಲ್ಲಂತೆ. ಎಲ್ಲಾ ಮನೆ ಮಕ್ಕಳಿಗೂ ಒಂದೇ ಬೆಂಚಂತೆ. ಇನ್ಮೇಲೆ ದನ ಮೇಯಿಸೋರು ಯಾರಂತೆ? ನಮ್ಮ ಜನವೋ, ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು. ವಾರದೊಳಗೆ ನನ್ನ ಮಗಳು ಎದುರಾದರೆ ದಾರಿ ಬದಲಿಸತೊಡಗಿದರು. ಯಾರೋ ಅವಳ ಬೋರ್ಡಿಗೆ ಟಾರು ಬಳಿದರು. ಬಳಿದವನು ನಾನಲ್ಲ. ನೋಡಿ ಬೇಸರವೂ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ.

ಕಟಿಂಗ್ ಶಾಪಿನವನು ಒಂದು ದಿನ ಕತ್ತರಿ ನಿಲ್ಲಿಸಿ ಕೇಳಿದ, "ಯಾಕೆ ಮಿಲ್ಲಣ್ಣ ಇಷ್ಟು ಉರ್ಕೊಂಡಿದೀಯಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ಹಾಗಿದೆ."

"ನೀನು ತಲೆ ನೋಡು, ಹೆಗಲು ಬಿಡು," ಎಂದೆ. ಆದರೆ ಮಾತು ನಾಟಿತು. ಗೋಡೆಯ ಆಚೆ ದಿನವೂ ಒಂಬತ್ತು ವರ್ಷದ ದನಿಗಳು ಕೇಳುವುದು ನನಗೆ ಬೇಕಿರಲಿಲ್ಲ. ಆ ವಯಸ್ಸಿನ ಕೈ ಕಂಡರೆ ಇವತ್ತಿಗೂ ನನಗೆ ಹೆದರಿಕೆ.

ಭಾನುವಾರ ಸ್ಕೂಲಿನ ಜಗಲಿಯಲ್ಲಿ ಸಭೆ ಸೇರಿತು. ಷೆಡ್ಡು ಕೊಡಬೇಕೋ ಬೇಡವೋ ಎಂದು ಊರು ತೀರ್ಮಾನಿಸಬೇಕು. ಹೆಡ್ಮಾಸ್ಟರು ಕುರ್ಚಿಯಲ್ಲಿ, ಗಂಡಸರು ಒಂದು ಕಡೆ, ನನ್ನ ಹೆಂಡತಿಯೂ ಸೇರಿ ಹೆಂಗಸರು ಇನ್ನೊಂದು ಕಡೆ. ಮಗಳು ನಿಂತು ತನ್ನ ಮಾತು ಹೇಳಿ ಮುಗಿಸುತ್ತಿದ್ದಂತೆ ಕಿರಾಣಿ ಅಂಗಡಿಯವನು ಎದ್ದ. ಅವನ ಗಂಟಲಿಗೆ ಊರು ಇಟ್ಟ ಹೆಸರು ಮೈಕು.

"ಆಟ, ಪುಸ್ತಕ ಎಲ್ಲಾ ಸರಿ ಮೇಷ್ಟ್ರೇ. ನೋಡ್ಕೊಳ್ಳೋರು ಯಾರು? ಅಪ್ಪ ಬೇಡ ಬೇಡ ಅಂತಿದ್ರೂ ಮಾತು ಕೇಳದೆ ಓಡೋ ಬೆಲ್ಟಿಗೆ ಕೈ ಹಾಕಿದೋಳು ಇವಳು. ತನ್ನ ಕೈನೇ ಕಾಪಾಡ್ಕೊಳ್ಳದೋಳ ಕೈಗೆ ನಮ್ಮ ಮಕ್ಕಳನ್ನ ಕೊಡೋದಾ?"

ಜಗಲಿ ತುಂಬ ನಗು. ಮೈಕು ನನ್ನತ್ತ ಬೆರಳು ಮಾಡಿದ. "ನಾನು ಹುಟ್ಟಿಸಿದ ಮಾತಲ್ಲ. ಮಿಲ್ಲಣ್ಣನೇ ಕೂತಿದಾನೆ, ಕೇಳಿ."

ಎಲ್ಲರೂ ತಿರುಗಿದರು. ಮಗಳೂ ತಿರುಗಿದಳು. ಅವಳ ಕಣ್ಣಿನಲ್ಲಿ ಬೇಡಿಕೆಯಿರಲಿಲ್ಲ. ಹೇಳು, ಇನ್ನೊಂದು ಸಲ ಹೇಳು ಎನ್ನುವಂತೆ ನೋಡಿದಳು. ನಾನು ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು, ಷೆಡ್ಡಿಗೆ ಬೀಗ ಬೀಳುತ್ತಿತ್ತು. ಅದಕ್ಕಾಗಿಯೇ ಹೋರಾಡಿದ್ದೆ. ಆದರೆ ಮಾತು ಕೇಳದವಳು ಎಂಬುದೊಂದಕ್ಕೆ ತಲೆಯಾಡಿಸಲು ನನ್ನಿಂದಾಗಲಿಲ್ಲ.

"ಅವಳಾಗಿ ಹಾಕಲಿಲ್ಲ," ಎಂದೆ. "ನಾನೇ ಹಾಕಿಸಿದ್ದು."

"ಏನಂದೆ?"

"ಅವತ್ತು ಒಂಬತ್ತು ಡಬ್ಬ ಸಾಲಲ್ಲಿತ್ತು. ಬೆಲ್ಟು ಜಾರಿತು. ಎಂಜಿನ್ ನಿಲ್ಲಿಸಿದ್ರೆ ಮತ್ತೆ ಹ್ಯಾಂಡ್ಲು ಹೊಡೆಯೋಕೆ ಇಬ್ಬರು ಬೇಕು, ಎಲ್ಲರೂ ಗಡಿಬಿಡಿ ಮಾಡ್ತಿದ್ರು. ಓಡ್ತಿದ್ದಾಗಲೇ ಈ ಕಡೆಯಿಂದ ನಾನು ಕೋಲಲ್ಲಿ ಎತ್ತಿದೆ. ಆ ಕಡೆಯಿಂದ ಸ್ವಲ್ಪ ತಳ್ಳು ಮಗಾ ಅಂದೆ. ತಳ್ಳಿದ್ಲು." ನನ್ನ ದನಿ ನನಗೇ ಅಪರಿಚಿತವೆನಿಸಿತು. "ಸ್ಕೂಲು ಬಿಟ್ಟ ಮೇಲೆ ಮಗು ಎಲ್ಲಿಗೆ ಹೋಗ್ಬೇಕಿತ್ತು? ಅವಳಮ್ಮ ಹೊಲದಲ್ಲಿದ್ಲು, ಅದಕ್ಕೇ ಇವಳು ನನ್ನ ಹತ್ರ ಬಂದಿದ್ಲು. ಮಾತು ಕೇಳಿದ್ದಕ್ಕೇ ಬೆರಳು ಹೋಗಿದ್ದು. ನಾನಾಗೇ ಕೈ ಹಾಕ್ದೆ ಅಂತ ಹೇಳು, ಅಮ್ಮಂಗೂ ಹಾಗೇ ಹೇಳು ಅಂತ ಆಸ್ಪತ್ರೇಲಿ ಹೇಳ್ಕೊಟ್ಟೆ. ಅದನ್ನೂ ಕೇಳಿದ್ಲು."

ಹೆಂಗಸರ ಕಡೆಯಿಂದ ನನ್ನ ಹೆಂಡತಿ ಎದ್ದು ಬಂದು ನನ್ನೆದುರು ನಿಂತಳು.

"ಇಪ್ಪತ್ತೆರಡು ವರ್ಷ ಅವಳನ್ನ ಬೈದೆನಲ್ಲೋ," ಎಂದಳು. "ಚಪಾತಿ ಲಟ್ಟಿಸುವಾಗ ಬೈದೆ, ಜಡೆ ಹಾಕುವಾಗ ಬೈದೆ. ನೀನು ಪಕ್ಕದಲ್ಲೇ ಕೂತು ಕೇಳ್ತಿದ್ದೆಯಲ್ಲೋ."

ಮದುವೆಯಾದಾಗಿನಿಂದ ಅವಳು ನನ್ನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಆಮೇಲೆ ಬಹುವಚನ ವಾಪಸ್ಸು ಬರಲಿಲ್ಲ. ಅವಳು ನನ್ನ ಜೊತೆ ಮಾತೇ ಬಿಟ್ಟಳು.

ಹೆಡ್ಮಾಸ್ಟರು ಕೈ ಎತ್ತಲು ಹೇಳಿದರು. ಮೊದಲು ಎತ್ತಿದವನು ಕಟಿಂಗ್ ಶಾಪಿನವನು. ಆಮೇಲೆ ಹೆಂಗಸರ ಕಡೆಯ ಕೈಗಳು ಒಟ್ಟಿಗೇ ಎದ್ದವು. ಷೆಡ್ಡು ಸಂಘಕ್ಕೆ ಹೋಯಿತು. ಮಗಳಿಗೆ ಬೆನ್ನು ತಿರುಗಿಸುತ್ತಿದ್ದವರು ಈಗ ನನಗೆ ತಿರುಗಿಸಿದರು. ಮಾಡಿದ್ದುಣ್ಣೋ ಮಹರಾಯ ಎಂದು ಮೈಕು ನನ್ನ ಕಿವಿಗೆ ಬೀಳುವಂತೆ ಹೇಳಿಕೊಂಡು ಹೋದ.

ಸಂಘ ಶುರುವಾದ ದಿನ ಮಗಳು ಸೀಮೆಸುಣ್ಣ ಹಿಡಿದು ಮಿಲ್ಲಿನ ಬಾಗಿಲಿಗೆ ಬಂದಳು. ನಿಜ ಹೇಳಿದ್ದಕ್ಕೆ ಸ್ವಲ್ಪ ಕರಗಿರುತ್ತಾಳೆ ಎಂದು ನನಗೊಂದು ಹುಚ್ಚು ಆಸೆ. ಅವಳು ಬಗ್ಗಿ ಹೊಸ್ತಿಲ ಉದ್ದಕ್ಕೂ ಗೆರೆ ಎಳೆದಳು.

"ಮಕ್ಕಳು ಇದನ್ನ ದಾಟಿ ಒಳಗೆ ಬರಲ್ಲ. ನೀನು ದಾಟಿ ಷೆಡ್ಡಿನ ಕಡೆ ಬರಬೇಡ."

"ಎಲ್ಲರೆದುರು ಹೇಳ್ಬಿಟ್ಟೆನಲ್ಲಮ್ಮ."

"ಹೇಳಿದ್ದಕ್ಕೆ ಹಾರ ಹಾಕ್ಬೇಕಾ?" ಎಂದು ಕೇಳಿ ಹೋದಳು.

ಎಂಟು ದಿನದ ಮೇಲೆ, ಸಂಜೆ ನಾಲ್ಕೂವರೆಗೆ, ಬೆಲ್ಟು ಜಾರಿತು. ಅದೇ ಹಳೆಯ ಡೀಸೆಲ್ ಎಂಜಿನ್ನು. ಇಷ್ಟು ವರ್ಷವೂ ಅದು ಓಡುತ್ತಿರುವಾಗಲೇ ಕೋಲಿನಿಂದ ಏರಿಸುತ್ತ ಬಂದಿದ್ದೆ. ನಿಲ್ಲಿಸಿದರೆ ಅವತ್ತೂ ನಿಲ್ಲಿಸಬಹುದಿತ್ತು ಎಂದು ಒಪ್ಪಿಕೊಂಡಂತಾಗುತ್ತಿತ್ತು. ಸಾಲಿನಲ್ಲಿ ಆರು ಡಬ್ಬ, ಮೊದಲನೆಯದು ಮೈಕಿನದು.

"ಏ, ಕೋಲು ತಗೊಂಡು ಏರಿಸೋ, ಹೊತ್ತಾಯ್ತು," ಎಂದು ಅವನು ಕೂಗಿದ.

ನಾನು ಎಂಜಿನ್ ಆರಿಸಿದೆ. ಒಮ್ಮೆಲೇ ಗೋಡೆಯ ಆಚೆಯ ಗದ್ದಲ ಕೇಳಿಸಿತು, ಕೇರಂ ಕಾಯಿಗಳ ಸದ್ದು ಕೂಡ. ಮಗಳು ಓಡಿ ಬಂದು ಗೆರೆಯ ಹತ್ತಿರ ನಿಂತಳು. ಮಿಲ್ಲು ಹೀಗೆ ನಡುವೆ ನಿಂತದ್ದನ್ನು ಅವಳು ಹಿಂದೆ ಕೇಳಿದ್ದು ಒಂದೇ ಸಲ, ಬೆರಳು ಹೋದ ದಿನ. ನಿಂತ ಚಕ್ರಕ್ಕೆ ನಾನು ಬೆಲ್ಟು ಏರಿಸುವುದನ್ನು ನೋಡಿದಳು. ಗೆರೆ ದಾಟಲಿಲ್ಲ. ನಾನು ಮೈಕನ್ನು ಕರೆದು ಹ್ಯಾಂಡಲಿನ ಇನ್ನೊಂದು ಪಕ್ಕ ಹಿಡಿಯಲು ಹೇಳಿದೆ. ಗೊಣಗುತ್ತಲೇ ಹಿಡಿದ.

ಎಂಜಿನ್ ಮತ್ತೆ ಹತ್ತಿಕೊಂಡಾಗ ತಲೆಯೆತ್ತಿದೆ. ಮಗಳು ಬಾಗಿಲಲ್ಲಿರಲಿಲ್ಲ. ಗೋಡೆಯ ಗಡಿಯಾರ ನೋಡಿದೆ. ಎಂಜಿನ್ ನಿಲ್ಲಿಸಿ, ಬೆಲ್ಟು ಹಾಕಿ, ಮತ್ತೆ ಶುರು ಮಾಡಲು ಹಿಡಿದದ್ದು ನಾಲ್ಕು ನಿಮಿಷ.